ಹಾಲಿನ ಲೋಟದಲ್ಲಿ ಬಂದ ಹಲ್ಲು

ಸ್ಟೀಲ್ ಲೋಟದ ತಳದಲ್ಲಿ, ತಣ್ಣನೆಯ ಹಾಲಿನಲ್ಲಿ ಮುಳುಗಿ ಕೂತಿದೆ ಒಂದು ಮುಂಬಲ್ಲು. ತಾಯಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ದಂತ ಕಾಲೇಜಿನ ಮೆಟ್ಟಿಲು ಹತ್ತಿ ಬಂದಿದ್ದಾರೆ. ಹಿಂದೆಯೇ ಹದಿಮೂರರ ಮಗ. ಮೇಲ್ದುಟಿ ಊದಿದೆ, ಬಿಳಿ ಯೂನಿಫಾರ್ಮಿನ ಎದೆಯ ಮೇಲೆ ರಕ್ತ ಒಣಗಿ ಕಂದಾಗಿದೆ. ಕಬಡ್ಡಿ ಆಡುವಾಗ ಯಾರದೋ ಮೊಣಕೈ ಬಡಿಯಿತಂತೆ.

“ಹಾಲಿಗೆ ಹಾಕೋ ಮುಂಚೆ ಹಲ್ಲು ಎಲ್ಲಿತ್ತಮ್ಮ?” ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತಲೇ ಕೇಳುತ್ತಾರೆ.

“ಕರ್ಚೀಫಲ್ಲಿ ಸುತ್ಕೊಂಡಿದ್ದ ಡಾಕ್ಟ್ರೇ. ಅರ್ಧ ಗಂಟೆ ಆಗಿರಬೇಕು. ಪಕ್ಕದ ಮನೆ ನರ್ಸಕ್ಕ ನೋಡಿ ಹಾಲಿಗೆ ಹಾಕಿಸಿದ್ರು.”

ಕರ್ಚೀಫಿನಲ್ಲಿ ಕಳೆದ ಆ ಅರ್ಧ ಗಂಟೆಯ ಮೇಲೆಯೇ ಹಲ್ಲಿನ ಮುಂದಿನ ಬದುಕೆಲ್ಲ ನಿಂತಿದೆ. ಬೇರಿಗೂ ಮೂಳೆಗೂ ನಡುವೆ ಮಿಲಿಮೀಟರಿನ ಐದನೇ ಒಂದು ಪಾಲಿನಷ್ಟು ದಪ್ಪದ ನಾರಿನ ಪೊರೆಯಿರುತ್ತದೆ. ಹಲ್ಲು ಕಿತ್ತು ಬಂದಾಗ ಆ ಪೊರೆ ಹರಿದು, ಅರ್ಧ ಬೇರಿಗಂಟಿಯೇ ಹೊರಬರುತ್ತದೆ. ಅದರ ಜೀವಕೋಶಗಳು ಒಣಗಿದರೆ ಸಾಯುತ್ತವೆ. ಗಂಟೆ ದಾಟಿದರೆ ಆಸೆ ಬಿಡಬೇಕು. ನಲ್ಲಿ ನೀರಿನಲ್ಲಿಟ್ಟರೆ ಉಬ್ಬಿ ಒಡೆಯುತ್ತವೆ. ಹಾಲಿನ ಸಾಂದ್ರತೆ ದೇಹದ ದ್ರವಕ್ಕೆ ಹತ್ತಿರವಾದ್ದರಿಂದ ಅದರಲ್ಲಿ ಕೆಲವು ಗಂಟೆ ಜೀವ ಹಿಡಿದಿರುತ್ತವೆ. ಹೊತ್ತು ಮೀರಿದಷ್ಟೂ ಅಪಾಯ ಹೆಚ್ಚೆಂಬುದಕ್ಕೆ ಹಳೆಯ ಪುರಾವೆಯೂ ಇದೆ. ಕೋಪನ್‌ಹೇಗನ್ನಿನ ದಂತವೈದ್ಯ ಆಂಡ್ರೇಸನ್ ಮತ್ತು ಅವರ ಸಹೋದ್ಯೋಗಿ 1966ರಲ್ಲಿ 110 ಮರುನಾಟಿ ಹಲ್ಲುಗಳ ಲೆಕ್ಕ ಕೊಟ್ಟರು. ಅರ್ಧ ಗಂಟೆಯೊಳಗೆ ದವಡೆಯ ಗೂಡು ಸೇರಿದವುಗಳಲ್ಲಿ ಶೇ. 90ರಷ್ಟರ ಬೇರು ಕರಗಿರಲಿಲ್ಲ. ಎರಡು ಗಂಟೆ ಮೀರಿದವುಗಳಲ್ಲಿ ಶೇ. 95ರಷ್ಟು ಕರಗಿದ್ದವು. ಶಾಲೆಯ ಪಿ.ಟಿ. ಮೇಷ್ಟರ ಕೋಣೆಯ ಗೋಡೆಯ ಮೇಲೆ ಬರೆದಿಡಬೇಕಾದ ಅಂಕಿಗಳಿವು.

ಹುಡುಗನ ಒಸಡು ಮರಗಟ್ಟಿದೆ. ಡಾಕ್ಟರಮ್ಮ ಹಲ್ಲಿನ ತಲೆಯನ್ನಷ್ಟೇ ಹಿಡಿದು ಸಲೈನ್ ಚಿಮ್ಮಿಸುತ್ತಾರೆ. ಮಣ್ಣಿನ ಕಣಗಳು ಟ್ರೇಗೆ ಇಳಿಯುತ್ತವೆ. ಕಿರಿಯ ವಿದ್ಯಾರ್ಥಿಯೊಬ್ಬ ಗಾಜ್ ಚಾಚಿದಾಗ “ಬೇಡ, ಬೇರನ್ನ ಉಜ್ಜಬಾರದು” ಎಂದು ತಡೆಯುತ್ತಾರೆ. ಗೂಡಿನಲ್ಲಿ ಹೆಪ್ಪುಗಟ್ಟಿದ ರಕ್ತ ತೊಳೆದು, ಹೆಬ್ಬೆರಳಿನಿಂದ ಹಲ್ಲನ್ನು ನಿಧಾನವಾಗಿ ಒತ್ತುತ್ತಾರೆ. ಹಲ್ಲು ತನ್ನ ಜಾಗ ಸೇರುತ್ತದೆ. ಎಕ್ಸ್-ರೇ ನೋಡಿದ ಮೇಲೆ ತೆಳ್ಳನೆಯ ತಂತಿಯನ್ನು ಅಕ್ಕಪಕ್ಕದ ಹಲ್ಲುಗಳಿಗೆ ಅಂಟಿಸುತ್ತಾರೆ. ಬಿಗಿಯಾಗಿ ಕಟ್ಟುವಂತಿಲ್ಲ, ಅಲುಗಾಟದ ಅವಕಾಶವಿದ್ದರೇ ಪೊರೆ ಮಾಯುವುದು.

ಇನ್ನು ಔಷಧಗಳ ಸರದಿ. ಹಲ್ಲಿನೊಳಗಿನ ಸತ್ತ ತಿರುಳಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಅದರ ವಿಷ ಬೇರಿನ ಸೂಕ್ಷ್ಮ ನಾಳಗಳಿಂದ ಹೊರಗೆ ಜಿನುಗಿದರೆ, ಮೂಳೆ ಕರಗಿಸುವ ಕೋಶಗಳು ಬೇರಿನ ಮೇಲೇ ದಾಳಿಯಿಡುತ್ತವೆ. ಮಕ್ಕಳಲ್ಲಿ ವಾರಗಳೊಳಗೆ ಬೇರು ಗುಳಿಬೀಳುತ್ತದೆ. ಇದನ್ನು ತಡೆಯಬಹುದು. ಡಾಕ್ಟರಮ್ಮ ಚೀಟಿಯಲ್ಲಿ ಡಾಕ್ಸಿಸೈಕ್ಲಿನ್ ಬರೆಯುತ್ತಾರೆ. ಅದು ಬ್ಯಾಕ್ಟೀರಿಯಾ ಹತ್ತಿಕ್ಕುವುದಷ್ಟೇ ಅಲ್ಲ, ಆ ಕರಗಿಸುವ ಕೋಶಗಳ ಕೈಯನ್ನೂ ಕಟ್ಟುತ್ತದೆ. ಹುಡುಗನಿಗೆ ಹನ್ನೆರಡು ದಾಟಿರುವುದು ಅನುಕೂಲವಾಯಿತು. ಅದಕ್ಕಿಂತ ಚಿಕ್ಕವರಾದರೆ ಬೆಳೆಯುತ್ತಿರುವ ಹಲ್ಲುಗಳಿಗೆ ಕಲೆ ಹತ್ತುವ ಭಯವಿದೆ. ನೆಲದಲ್ಲಿ ಬಿದ್ದ ಹಲ್ಲಾದ್ದರಿಂದ ಧನುರ್ವಾಯು ಇಂಜೆಕ್ಷನ್ ವಿಚಾರವನ್ನೂ ಕೇಳುತ್ತಾರೆ. ನಾಳೆ ಬೆಳಗ್ಗೆ ರೂಟ್ ಕೆನಾಲ್ ತೆರೆದು, ಸ್ಟಿರಾಯ್ಡ್ ಮತ್ತು ಆಂಟಿಬಯಾಟಿಕ್ ಕೂಡಿದ ಪೇಸ್ಟ್ ತುಂಬಿ, ಆರು ವಾರ ಒಳಗೇ ಬಿಡುತ್ತಾರೆ. ಅದು ಉರಿಯೂತವನ್ನು ಮೊದಲಲ್ಲೇ ತಣಿಸುತ್ತದೆ. ಹಳಬರು ನೆಚ್ಚಿದ್ದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಂದಿಗೂ ಒಳ್ಳೆಯ ಮದ್ದೇ, ಆದರೆ ಕ್ಷಾರ ಹೆಚ್ಚು. ಗಾಯ ಹಸಿಯಾಗಿರುವಾಗ ಬಳಸಿದರೆ ಮಾಯುತ್ತಿರುವ ಪೊರೆಯನ್ನೇ ಸುಡಬಹುದು.

ಎರಡನೆಯ ಅಪಾಯ ಹೆಚ್ಚು ಮೊಂಡು. ಪೊರೆ ಸತ್ತ ಕಡೆ ಮೂಳೆ ನೇರವಾಗಿ ಬೇರಿಗೆ ಬೆಸೆದುಕೊಳ್ಳುತ್ತದೆ. ಮೂಳೆಯೆಂಬುದು ಜೀವನವಿಡೀ ತನ್ನನ್ನೇ ಕರಗಿಸಿ ಹೊಸದಾಗಿ ಕಟ್ಟಿಕೊಳ್ಳುವಂಥದ್ದು. ಬೇರೂ ತನ್ನದೇ ಭಾಗವೆಂದು ಬಗೆದು ಕರಗಿಸಿ, ಆ ಜಾಗದಲ್ಲಿ ಮೂಳೆ ತುಂಬುತ್ತ ಹೋಗುತ್ತದೆ. ಕನ್ನಡಿಯ ಹಿಡಿಯಿಂದ ತಟ್ಟಿದರೆ ಅಂಥ ಹಲ್ಲು ಲೋಹದಂತೆ ಟಣ್ ಎನ್ನುತ್ತದೆ. ದವಡೆ ಬೆಳೆಯುವ ವಯಸ್ಸಿನಲ್ಲಿ ಉಳಿದ ಹಲ್ಲುಗಳು ಮುಂದೆ ಸಾಗಿ ಇದೊಂದು ಹಿಂದುಳಿಯುತ್ತದೆ. ಇದನ್ನು ತಡೆಯಲು ಸಂಶೋಧಕರು ಬಹಳ ಹೆಣಗಿದ್ದಾರೆ. ಪೊರೆ ಸತ್ತ ಬೇರನ್ನು ಶೇ. 2ರ ಫ್ಲೋರೈಡಿನಲ್ಲಿ ಇಪ್ಪತ್ತು ನಿಮಿಷ ನೆನೆಸಿದರು. ಮೂಳೆಸವೆತದ ಮದ್ದಾದ ಅಲೆಂಡ್ರೊನೇಟನ್ನು ನಾಯಿಗಳ ಹಲ್ಲಿನಲ್ಲಿ ಪರೀಕ್ಷಿಸಿದರು. ಹಂದಿಮರಿಯ ಎಳೆ ಹಲ್ಲಿನ ಪ್ರೋಟೀನಿನಿಂದ ತಯಾರಿಸಿದ ಎಮ್ಡೊಗೇನ್ ದೊಡ್ಡ ಆಸೆ ಹುಟ್ಟಿಸಿತ್ತು. 2005ರಲ್ಲಿ ಆಂಡ್ರೇಸನ್ ಮತ್ತು ಸಂಗಡಿಗರೇ ರೋಗಿಗಳಲ್ಲಿ ನೋಡಿ, ಅದು ತಡೆಯುತ್ತಿಲ್ಲವೆಂದು ಬರೆದರು. ತಮ್ಮ ಬದುಕೆಲ್ಲ ಇದಕ್ಕೇ ಕೊಟ್ಟವರು ಹೀಗೆ ನೇರವಾಗಿ ಬರೆದದ್ದಕ್ಕೆ ನನಗೆ ಅಪಾರ ಗೌರವ. ಈ ಮದ್ದುಗಳು ಹೆಚ್ಚೆಂದರೆ ಕರಗುವ ವೇಗವನ್ನು ಕುಗ್ಗಿಸಿಯಾವು. ಸತ್ತ ಪೊರೆಯನ್ನು ಬದುಕಿಸಲಾರವು.

“ಇಷ್ಟೆಲ್ಲ ಮಾಡಿದ್ಮೇಲೆ ಉಳಿಯುತ್ತಾ ಡಾಕ್ಟ್ರೇ?” ತಾಯಿ ಖಾಲಿ ಲೋಟವನ್ನು ಚೀಲಕ್ಕೆ ಹಾಕುತ್ತ ಕೇಳುತ್ತಾರೆ.

“ಈಗ್ಲೇ ಮಾತು ಕೊಡಕ್ಕಾಗಲ್ಲಮ್ಮ. ಅಕಸ್ಮಾತ್ ನಾಲ್ಕೈದು ವರ್ಷಕ್ಕೆ ಹೋದ್ರೂ, ಅಲ್ಲೀವರೆಗೂ ಅಲ್ಲಿನ ಮೂಳೆ ಕುಗ್ಗದ ಹಾಗೆ ನೋಡ್ಕೊಂಡಿರುತ್ತೆ. ಬೆಳವಣಿಗೆ ಮುಗಿಯೋ ತನಕ ಇಂಪ್ಲಾಂಟ್ ಹಾಕೋ ಹಾಗಿಲ್ಲ, ಮೂಳೆ ಇದ್ರೆ ಆಮೇಲೆ ಸುಲಭ. ಎರಡು ವಾರಕ್ಕೆ ತಂತಿ ತೆಗೀತೀನಿ. ಅಲ್ಲೀತನಕ ಮೆತ್ತಗಿನ ಊಟ, ಮೆತ್ತಗಿನ ಬ್ರಷ್, ದಿನಕ್ಕೆರಡು ಸಲ ಈ ಔಷಧದಲ್ಲಿ ಬಾಯಿ ಮುಕ್ಕಳಿಸ್ಬೇಕು. ನಾಲ್ಕು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಎಕ್ಸ್-ರೇ. ಆಮೇಲೂ ವರ್ಷಕ್ಕೊಂದ್ಸಲ ತಪ್ಪಿಸ್ಬೇಡಿ. ನೋವಿಲ್ಲ ಅಂತ ಬರದೇ ಇರ್ಬೇಡಿ, ಬೇರು ಕರಗೋವಾಗ ನೋವೇ ಇರಲ್ಲ.”