ಟೈರಿನ ಹೊಟ್ಟೆಯೊಳಗೆ ಕರಿ ಪುಡಿ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎನ್ನುತ್ತಾರೆ. ಅದರ ಬೆನ್ನಿಗೇ ಕಾರಿನ ಟೈರುಗಳಿಂದ ಗಾಳಿ ಇಳಿಸುವ ಕೆಲಸವೂ ಶುರುವಾಗುತ್ತದೆ. ಬಿಸಿಲು ಏರಿದೆ, ಒಳಗಿನ ಗಾಳಿ ಹಿಗ್ಗುತ್ತದೆ, ದೂರದ ಊರಿಗೆ ಹೋಗುವಾಗ ಟೈರ್ ಸಿಡಿದರೆ ಏನು ಗತಿ, ಅದಕ್ಕೇ ನಾಲ್ಕೈದು ಪಾಯಿಂಟ್ ಕಮ್ಮಿ ಇಟ್ಟುಕೋ ಎಂದು ಹೇಳುವ ಒಬ್ಬ ಸೋದರಮಾವ ಪ್ರತಿ ಮನೆಯಲ್ಲೂ ಇರುತ್ತಾರೆ. ಕೇಳುವುದಕ್ಕೆ ಸರಿ ಎನಿಸುತ್ತದೆ. ಹಿಗ್ಗುವುದಕ್ಕೆ ಜಾಗ ಬಿಡಬೇಕಲ್ಲ? ಆದರೆ ಇದು ಪೂರ್ತಿ ತಲೆಕೆಳಗಾದ ಸಲಹೆ. ಬೇಸಿಗೆಯ ಹೆದ್ದಾರಿಯಲ್ಲಿ ಟೈರಿಗೆ ಹೆಚ್ಚು ಅಪಾಯ ಗಾಳಿ ಕಡಿಮೆಯಾದಾಗಲೇ. ಕಳೆದ ಏಪ್ರಿಲ್‌ನಲ್ಲಿ ಅದರ ಸಾಕ್ಷಿಯನ್ನು ಕೈಯಾರೆ ಮುಟ್ಟಿ ನೋಡಿದ್ದೇನೆ. ಇಷ್ಟು ಗಟ್ಟಿಯಾಗಿ ಬರೆಯುವ ಧೈರ್ಯ ಬಂದದ್ದು ಅದರಿಂದ.

ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆಯಲ್ಲಿ ಅದೊಂದು ಪಂಕ್ಚರ್ ಅಂಗಡಿ. ತಗಡಿನ ಮಾಡು, ಧೂಳು ಮೆತ್ತಿದ ಕಂಪ್ರೆಸರ್, ಗಾಳಿ ಸೋರುವ ಜಾಗ ಹುಡುಕಲು ಅರ್ಧ ಕೊಯ್ದ ಡ್ರಮ್ಮಿನಲ್ಲಿ ನೀರು. ಇಂಥವು ದಾರಿಯುದ್ದಕ್ಕೂ ಇವೆ. ನನ್ನನ್ನು ನಿಲ್ಲಿಸಿದ್ದು ಹಿಂದಿನ ಗೋಡೆ. ಅಲ್ಲಿ ಸಿಡಿದ ಟೈರುಗಳನ್ನು ಅಡ್ಡಡ್ಡ ಕೊಯ್ದು, ಒಳಭಾಗ ಕಾಣುವಂತೆ ಮೊಳೆ ಹೊಡೆದು ಸಾಲಾಗಿ ತೂಗುಹಾಕಿದ್ದರು. ಅಂಗಡಿಯ ಯಜಮಾನರು ಹುಡುಗನಾಗಿದ್ದಾಗ ಲಾರಿ ಕ್ಲೀನರ್ ಆಗಿದ್ದವರು, ಈಗ ಅರವತ್ತು ದಾಟಿದೆ. ಸಿಡಿದ ಟೈರನ್ನು ಗುಜರಿಗೆ ಹಾಕುವ ಮೊದಲು ಯಾಕೆ ಸಿಡಿಯಿತೆಂದು ಕೊಯ್ದು ನೋಡುವುದು ಅವರ ಹಲವು ವರ್ಷಗಳ ಅಭ್ಯಾಸ.

"ಬಿಸಿಲಿಗೆ ಸಿಡೀತು ಅಂತ ತಂದಿದ್ರು ಸಾರ್ ಇದನ್ನ. ಬಿಸಿಲಿಗಲ್ಲ. ಗಾಳಿ ಇಲ್ದೆ ಓಡ್ಸಿ ಓಡ್ಸಿ ಸಾಯ್ಸಿದಾರೆ. ಒಳಗೆ ಕೈಯಾಡ್ಸಿ ನೋಡಿ" ಎಂದು ಒಂದನ್ನು ಮುಂದೆ ಹಿಡಿದರು. ಕೈಯಾಡಿಸಿದೆ. ಅಂಗೈ ತುಂಬ ನುಣ್ಣನೆಯ ಕರಿ ಪುಡಿ. ಟೈರಿನ ಪಕ್ಕೆಯ ಒಳಮೈ ತನ್ನನ್ನು ತಾನೇ ಸವೆಸಿಕೊಂಡು ಉದುರಿಸಿದ ರಬ್ಬರ್ ಅದು. ಹೊರಗಡೆ, ರಿಮ್ಮಿನಿಂದ ಸ್ವಲ್ಪ ಮೇಲೆ, ಸುತ್ತಲೂ ಬಳೆಯ ಹಾಗೆ ಉಜ್ಜಿದ ಗುರುತು. ನೆಲ ತಾಗುವ ಭಾಗದ ಪಟ್ಟೆಗಳು ಮಾತ್ರ ಚೆನ್ನಾಗಿಯೇ ಇದ್ದವು, ಇನ್ನೂ ಇಪ್ಪತ್ತು ಸಾವಿರ ಕಿಲೋಮೀಟರ್ ಓಡುವಷ್ಟು.

ಕೊಯ್ದ ಟೈರನ್ನು ಒಮ್ಮೆ ನೋಡಿದವರಿಗೆ ಮಿಕ್ಕದ್ದು ತಾನಾಗಿ ಅರ್ಥವಾಗುತ್ತದೆ. ಎಲ್ಲಕ್ಕಿಂತ ಒಳಗೆ ಗಾಳಿ ಸೋರದಂತೆ ತಡೆಯುವ ತೆಳು ರಬ್ಬರಿನ ಪದರ. ಅದರ ಮೇಲೆ ಪಾಲಿಯೆಸ್ಟರ್ ಎಳೆಗಳು. ನೆಲ ತಾಗುವ ಭಾಗದಡಿಯಲ್ಲಿ ಉಕ್ಕಿನ ತಂತಿಯ ಪಟ್ಟಿಗಳು. ರಿಮ್ಮನ್ನು ಕಚ್ಚುವ ಅಂಚಿನಲ್ಲಿ ದಪ್ಪ ತಂತಿಯ ಕಟ್ಟು. ಎರಡೂ ಪಕ್ಕೆಗಳಲ್ಲಿ ಉಕ್ಕಿನ ಪಟ್ಟಿ ಇಲ್ಲ, ಅಲ್ಲಿರುವುದು ರಬ್ಬರ್ ಮತ್ತು ನೂಲು. ಕಾರಿನ ಭಾರವನ್ನು ಹೊರುವುದು ಒತ್ತಡದಲ್ಲಿರುವ ಗಾಳಿ. ಗಾಳಿ ಕಮ್ಮಿಯಾದಷ್ಟೂ ಪಕ್ಕೆ ಹೆಚ್ಚು ಬಾಗುತ್ತದೆ. ಎಷ್ಟು ಸಲ? 185/65 ಆರ್15 ಅಳತೆಯ ಟೈರಿನ ಸುತ್ತಳತೆ ಸುಮಾರು 1.95 ಮೀಟರ್. 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 14 ಸುತ್ತು ತಿರುಗುತ್ತದೆ. ಹಿರಿಯೂರಿನಿಂದ ದಾವಣಗೆರೆ ಮುಟ್ಟುವಷ್ಟರಲ್ಲಿ ಪಕ್ಕೆಯ ಒಂದೊಂದು ಜಾಗವೂ ಐವತ್ತು ಸಾವಿರ ಸಲ ಬಾಗಿ ಎದ್ದಿರುತ್ತದೆ. ತಂತಿಯ ತುಂಡನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಬಿಸಿಯಾಗಿ ಕೊನೆಗೆ ಪಟ್ಟನೆ ತುಂಡಾಗುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಬಿಸಿಲು ಸೇರಿಕೊಂಡರೆ ಆ ಗಳಿಗೆ ಬೇಗ ಬರುತ್ತದೆ, ಅಷ್ಟೆ.

ನಾನು ಅಲ್ಲಿರುವಾಗಲೇ ಒಂದು ಕುಟುಂಬದ ಕಾರು ಬಂದು ನಿಂತಿತು. ಓಡಿಸುತ್ತಿದ್ದ ಮಹಿಳೆ ಇಳಿದು, "ಅಣ್ಣಾ, ಬಿಸಿಲು ಜಾಸ್ತಿ ಇದೆ, ಎಲ್ಲದಕ್ಕೂ ಇಪ್ಪತ್ತೆಂಟು ಇಟ್ಟುಬಿಡಿ" ಎಂದರು. ಯಜಮಾನರು ಗೇಜ್ ಹಿಡಿದು ನೋಡಿದರು, 37 ತೋರಿಸಿತು. ಆಮೇಲೆ ಡ್ರೈವರ್ ಕಡೆಯ ಬಾಗಿಲು ತೆರೆದು, ಕಂಬದ ಮೇಲೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟರು. ಅಲ್ಲಿ 33 ಎಂದಿತ್ತು. "ಅಮ್ಮಾ, ಇದು ಗಾಡಿ ಮಾಡ್ದೋರು ಬರ್ದಿರೋದು. ತಣ್ಣಗಿದ್ದಾಗಿನ ಲೆಕ್ಕ. ಈಗ ಓಡಿ ಬಂದೈತೆ, ಬಿಸಿ ಆಗಿ ಮೂವತ್ತೇಳು ತೋರ್ಸ್ತೈತೆ. ಅದಕ್ಕಿಂತ ಇಳ್ಸೋ ಕೆಲಸ ನಾನು ಮಾಡಲ್ಲ." ಹಿಂದಿನ ಸೀಟಿನಲ್ಲಿದ್ದ ಹಿರಿಯರು ಒಪ್ಪಲಿಲ್ಲ, ಅಂಬಾಸಿಡರ್ ಕಾಲದ ಅನುಭವ ಹೇಳಿದರು. ಯಜಮಾನರು ವಾದಿಸದೆ ಆ ಕೊಯ್ದ ಟೈರನ್ನೇ ಅವರ ಕಿಟಕಿಯ ಬಳಿಗೆ ಒಯ್ದರು. ಸಿಟ್ಟಿಲ್ಲದೆ ಇಷ್ಟು ಚೆನ್ನಾಗಿ ವಿಷಯ ತಿಳಿಸುವ ಮೇಷ್ಟ್ರನ್ನು ನಾನು ಶಾಲೆಯಲ್ಲೂ ಹೆಚ್ಚು ಕಂಡಿಲ್ಲ.

ಅವರ ಲೆಕ್ಕ ಭೌತಶಾಸ್ತ್ರದ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ಬೆಳಿಗ್ಗೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 33 ಪಿಎಸ್‌ಐ (ಪಾಯಿಂಟ್ ಎಂದರೆ ಇದೇ) ಇಟ್ಟ ಟೈರಿನ ಒಳಗಾಳಿ ಓಡಿ ಓಡಿ 50 ಡಿಗ್ರಿಗೆ ಏರಿದರೆ ಒತ್ತಡ 37ರ ಹತ್ತಿರ ಬರುತ್ತದೆ. ಐದಾರು ಡಿಗ್ರಿಗೆ ಒಂದು ಪಾಯಿಂಟ್ ಎಂದು ನೆನಪಿಟ್ಟುಕೊಳ್ಳಬಹುದು. ಈ ಏರಿಕೆ ಬಂದೇ ಬರುತ್ತದೆಂದು ಲೆಕ್ಕಹಾಕಿಯೇ ತಯಾರಕರು 33 ಎಂದು ಬರೆದಿರುತ್ತಾರೆ. ಟೈರ್ ತಾಳಿಕೊಳ್ಳುವ ಗರಿಷ್ಠ ಒತ್ತಡ ಅದರ ಪಕ್ಕೆಯಲ್ಲೇ ಅಚ್ಚಾಗಿದೆ, ಬಹುತೇಕ ಕಾರು ಟೈರುಗಳಲ್ಲಿ 44 ಅಥವಾ 51. ಬಿಸಿಯಾಗಿರುವಾಗಲೇ 33ಕ್ಕೆ ಇಳಿಸಿದಿರಿ ಎನ್ನಿ, ಮರುದಿನ ಬೆಳಿಗ್ಗೆ ಅದು 29ಕ್ಕೆ ಬಂದಿರುತ್ತದೆ. ಅದೇ ಟೈರಿನಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಲಗೇಜು, ಮಧ್ಯಾಹ್ನದ ಹೆದ್ದಾರಿ.

ಇದೇ ತಪ್ಪಿನ ಅತಿ ದೊಡ್ಡ ಪ್ರಕರಣ ನಡೆದದ್ದು ಅಮೆರಿಕದಲ್ಲಿ. ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಎತ್ತರದ ಗಾಡಿಗೆ ಫೈರ್‌ಸ್ಟೋನ್ ಟೈರ್ ಹಾಕಿ, 26 ಪಿಎಸ್‌ಐ ಸಾಕೆಂದು ಫೋರ್ಡ್ ಹೇಳಿತ್ತು. ಟೆಕ್ಸಾಸ್, ಫ್ಲಾರಿಡಾ, ಅರಿಜೋನಾದಂಥ ಸುಡುಬಿಸಿಲಿನ ರಾಜ್ಯಗಳಲ್ಲಿ ಟೈರಿನ ಮೇಲ್ಪದರ ಕಿತ್ತುಬಂದು ಗಾಡಿಗಳು ಮಗುಚಿದವು. ತಯಾರಿಕೆಯ ದೋಷವೂ ಅದರಲ್ಲಿ ಸೇರಿತ್ತು, ಎಲ್ಲ ತಪ್ಪನ್ನೂ ಗಾಳಿಯ ಮೇಲೆ ಹೊರಿಸಲಾಗದು. ಆದರೆ ಕಡಿಮೆ ಗಾಳಿ, ಹೆಚ್ಚು ಭಾರ, ಬಿಸಿಲು, ವೇಗ ನಾಲ್ಕೂ ಕೂಡಿದಾಗ ಏನಾಗುತ್ತದೆಂದು ಜಗತ್ತು ಕಂಡಿತು. 2000ದ ಆಗಸ್ಟ್‌ನಲ್ಲಿ 65 ಲಕ್ಷ ಟೈರುಗಳನ್ನು ವಾಪಸ್ ಕರೆಯಲಾಯಿತು. ಸತ್ತವರು 270ಕ್ಕೂ ಹೆಚ್ಚು. ಅಲ್ಲಿಂದ ಬಂದ ಕಾನೂನಿನ ಫಲವೇ ಈಗ ನಮ್ಮ ಕಾರುಗಳಲ್ಲೂ ಕಾಣುವ, ಗಾಳಿ ಇಳಿದರೆ ಹತ್ತುವ ಹಳದಿ ದೀಪ. ಅಮೆರಿಕದ ನಿಯಮದ ಪ್ರಕಾರ ನಿಗದಿತ ಒತ್ತಡಕ್ಕಿಂತ ಶೇ 25ರಷ್ಟು ಇಳಿದರೆ ಸಾಕು, ಆಗ ಹತ್ತಿದರಾಯಿತು. ಎಂದರೆ 33 ಇರಬೇಕಾದದ್ದು 25ಕ್ಕೆ ಬರುವ ತನಕ ಆ ದೀಪ ಸುಮ್ಮನಿರಬಹುದು. ದೀಪವಿದೆ ಎಂದು ಗೇಜ್ ಬಿಡುವಂತಿಲ್ಲ.

ಅಂಗಡಿಯಲ್ಲಿ ಇನ್ನೊಂದು ಪಾಠ ಕಾದಿತ್ತು. ಯಾರೋ ಬಿಟ್ಟುಹೋಗಿದ್ದ ಒಂದು ಸ್ಟೆಪ್ನಿ. ನೆಲವನ್ನೇ ಮುಟ್ಟದ ಟೈರ್, ಕಾರ್ಖಾನೆಯ ಅಚ್ಚಿನಿಂದ ಬರುವಾಗಿನ ರಬ್ಬರ್ ಕೂದಲುಗಳು ಹಾಗೇ ಇದ್ದವು. "ಲೇ, ಚಾಕ್‌ಪೀಸ್ ತಗಂಬಾ" ಎಂದು ಹುಡುಗನಿಗೆ ಹೇಳಿ, ಪಕ್ಕೆಯಲ್ಲಿ ಉದ್ದುದ್ದ ಅಕ್ಷರಗಳ ಕೊನೆಗಿದ್ದ ಸಣ್ಣ ಅಂಡಾಕಾರದ ಚೌಕಟ್ಟಿನ ಮೇಲೆ ಸೀಮೆಸುಣ್ಣ ಉಜ್ಜಿದರು. ನಾಲ್ಕು ಅಂಕಿ ಎದ್ದು ಬಂದವು: 1613. 2013ರ ಹದಿನಾರನೆಯ ವಾರ, ಅಂದರೆ ಏಪ್ರಿಲ್. "ಓಡದೇನೇ ಮುದುಕ ಆಗೈತೆ" ಎಂದು ಹೆಬ್ಬೆರಳಿನಿಂದ ಒತ್ತಿದರು. ಪಟ್ಟೆಗಳ ಸಂದಿಯಲ್ಲಿ ಕೂದಲೆಳೆಯ ಬಿರುಕುಗಳು ಬಾಯಿ ಬಿಟ್ಟವು. ರಬ್ಬರ್ ಓಡಿದರೂ ಓಡದಿದ್ದರೂ ಗಾಳಿಯ ಆಮ್ಲಜನಕ ಮತ್ತು ಓಜೋನ್ ಅದನ್ನು ಗಟ್ಟಿಯಾಗಿಸುತ್ತಲೇ ಇರುತ್ತವೆ. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಹತ್ತು ವರ್ಷಕ್ಕೆ ಹೇಗಿದ್ದರೂ ಬದಲಿಸಿ ಎನ್ನುವುದು ದೊಡ್ಡ ಟೈರ್ ಕಂಪನಿಗಳದೇ ಮಾತು. ನಮ್ಮ ಬಿಸಿಲಿನಲ್ಲಿ ಅಷ್ಟು ದಿನ ಕಾಯುವುದು ನನಗೆ ಸರಿ ಕಾಣುವುದಿಲ್ಲ.

ಅಂದಿನಿಂದ ಈ ನಾಲ್ಕು ಅಂಕಿಗಳು ನನ್ನನ್ನು ಬಿಟ್ಟಿಲ್ಲ. ಧರ್ಮಸ್ಥಳದ ಪಾರ್ಕಿಂಗ್ ಜಾಗದಲ್ಲಿ, ಮದುವೆ ಛತ್ರದ ಅಂಗಳದಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ನಿಂತ ಕಾರುಗಳ ಟೈರ್ ಓದುತ್ತಾ ಹೋಗುತ್ತೇನೆ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ: 2319 ಎಂದರೆ 2019ರ ಜೂನ್. ಕೆಲವು ಟೈರುಗಳಲ್ಲಿ ಈ ಅಂಕಿ ಒಂದೇ ಪಕ್ಕೆಯಲ್ಲಿರುತ್ತದೆ. ಫಿಟ್ ಮಾಡುವಾಗ ಅದು ಒಳಮುಖವಾಗಿ ಹೋದರೆ ಕಾರಿನಡಿಗೆ ತಲೆ ಹಾಕಿಯೇ ಓದಬೇಕು. 2000ಕ್ಕಿಂತ ಹಿಂದಿನ ಟೈರುಗಳಿಗೆ ಇದ್ದದ್ದು ಮೂರೇ ಅಂಕಿ, ಎರಡು ವಾರಕ್ಕೆ, ಒಂದು ವರ್ಷಕ್ಕೆ. 409 ಎಂದರೆ 1989ರ ನಲವತ್ತನೆಯ ವಾರವೋ 1999ರದೋ ತಿಳಿಯುತ್ತಿರಲಿಲ್ಲ, ಹಾಗಾಗಿ ತೊಂಬತ್ತರ ದಶಕದ ಟೈರುಗಳಿಗೆ ಪಕ್ಕದಲ್ಲೊಂದು ಪುಟ್ಟ ತ್ರಿಕೋನ ಒತ್ತುತ್ತಿದ್ದರು. ಹಳೆಯ ಕಾರು ಸಾಕಿಕೊಂಡವರ ಶೆಡ್ಡುಗಳಲ್ಲಿ ಆ ತ್ರಿಕೋನ ಹುಡುಕುವುದು ನನಗೆ ಈಗ ಬಹಳ ಖುಷಿ ಕೊಡುವ ಕೆಲಸ. ಇನ್ನೊಂದು ಹುಡುಕಾಟ 1420, 1520, 1620ರದು. ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 25ಕ್ಕೆ ದೇಶ ಬಾಗಿಲು ಹಾಕಿತ್ತಲ್ಲ, ಆ ಏಪ್ರಿಲ್ ವಾರಗಳ ಟೈರ್ ನಾನಿನ್ನೂ ಕಂಡಿಲ್ಲ. 1120 ಸಿಕ್ಕಿದೆ, 2620 ಸಿಕ್ಕಿದೆ, ನಡುವೆ ಖಾಲಿ. ಇಡೀ ದೇಶದ ಕಾರ್ಖಾನೆಗಳು ಸ್ತಬ್ಧವಾದ ದಿನಗಳು ಹೀಗೆ ಪಾರ್ಕಿಂಗ್ ಜಾಗದಲ್ಲಿ ಓದಲು ಸಿಗುತ್ತವೆ ಎಂಬುದು ನನಗಿನ್ನೂ ರೋಮಾಂಚನದ ಸಂಗತಿ.

ಓದುಗರಿಗೆ ಈ ನಾಲ್ಕು ಅಂಕಿಗಳ ಉಪಯೋಗ ತೀರಾ ನೇರವಾದದ್ದು. ಹೊಸ ಟೈರ್ ಕೊಳ್ಳುವಾಗ ಬೆಲೆಗಿಂತ ಮೊದಲು ಈ ಅಂಕಿ ಕೇಳಿ. ಅಂಗಡಿಯ ಅಟ್ಟದಲ್ಲಿ ಎರಡು ಮೂರು ವರ್ಷ ಕೂತಿದ್ದನ್ನು ಹೊಸದೆಂದು ಪೂರ್ತಿ ದುಡ್ಡಿಗೆ ಒಪ್ಪಬೇಡಿ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗಲೂ ಅಷ್ಟೆ: ಮೀಟರ್ ಇಪ್ಪತ್ತು ಸಾವಿರ ತೋರಿಸುತ್ತಿದ್ದು, ಟೈರುಗಳೆಲ್ಲ ಕಾರಿಗಿಂತ ನಾಲ್ಕು ವರ್ಷ ಚಿಕ್ಕವಾಗಿದ್ದರೆ, ಮೊದಲಿನ ಟೈರ್ ಎಲ್ಲಿ ಹೋದವು ಎಂದು ಕೇಳುವ ಹಕ್ಕು ನಿಮಗಿದೆ.

ಈ ಗಾಳಿ ಟೈರಿನ ಚರಿತ್ರೆಯನ್ನು ಶಾಲೆಯಲ್ಲಿ ಓದಿದವರೇ ಎಲ್ಲರೂ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದ್ದು, ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟ್‌ನಲ್ಲಿ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ಟೈರ್ ಕಟ್ಟಿದ್ದು ಗೊತ್ತೇ ಇದೆ. ರಾಬರ್ಟ್ ಥಾಮ್ಸನ್ ಎಂಬ ಸ್ಕಾಟಿಷ್ ಮನುಷ್ಯ 1845ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರಿಂದ ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು. ಇಂದಿನ ರೇಡಿಯಲ್ ಟೈರ್ ಮಿಶೆಲಿನ್ ಕಂಪನಿಯ 1946ರ ಪೇಟೆಂಟ್; ನಮ್ಮಲ್ಲಿ ಅದನ್ನು ಮೊದಲು ತಯಾರಿಸಿದ್ದು 1977ರಲ್ಲಿ ಜೆಕೆ ಟೈರ್. ಮೈಸೂರಿನವರ ಅಭಿಮಾನದ ವಿಕ್ರಾಂತ್ ಕಾರ್ಖಾನೆ 1997ರಲ್ಲಿ ಸೇರಿದ್ದೂ ಅದೇ ಮನೆಗೆ.

ಮತ್ತೆ ಗಾಳಿಗೆ ಬರೋಣ. ತಿಂಗಳಿಗೆ ಎರಡು ಸಲವಾದರೂ, ಬೆಳಿಗ್ಗೆ ಕಾರು ಹೊರಡುವ ಮೊದಲು, ನಿಮ್ಮದೇ ಗೇಜಿನಿಂದ ನೋಡಿ. ಬಾಗಿಲಿನ ಚೀಟಿಯಲ್ಲಿ ಎರಡು ಸಾಲು ಇರುವುದುಂಟು, ಒಂದು ಒಬ್ಬಿಬ್ಬರು ಇದ್ದಾಗ, ಇನ್ನೊಂದು ಪೂರ್ತಿ ತುಂಬಿದಾಗ. ಊರಿನ ಜಾತ್ರೆಗೆ ಇಡೀ ಮನೆಯೇ ಹೊರಟಾಗ ಎರಡನೆಯ ಸಾಲಿನ ಅಂಕಿ ಇಡಿ. ಬೇಸಿಗೆಯಾದರೆ ಮರೆಯದೆ ಇಡಿ. ಪಕ್ಕೆಯಲ್ಲಿ ಅಚ್ಚಾದ ಗರಿಷ್ಠ ಅಂಕಿ ತಡೆಯುವ ಮಿತಿ, ಹಾಕಬೇಕಾದ ಅಳತೆಯಲ್ಲ. ನೈಟ್ರೋಜನ್ ಹಾಕಿಸಿದರೆ ಸಿಡಿಯುವುದೇ ಇಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ, ಬಿಸಿಗೆ ಅದೂ ಹಿಗ್ಗುತ್ತದೆ. ಸೋರಿಕೆ ತುಸು ನಿಧಾನವಾಗಬಹುದು, ಅದಕ್ಕೆ ದುಡ್ಡು ಕೊಡುವುದು ನಿಮ್ಮಿಷ್ಟ. ಪೆಟ್ರೋಲ್ ಬಂಕಿನ ಗಾಳಿ ಪುಕ್ಕಟೆ.

ಟೈರ್ ಸವೆದ ರೀತಿಯೂ ಬಾಯಿಬಿಟ್ಟು ಹೇಳುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ, ನಡುಭಾಗ ಸವೆದಿದ್ದರೆ ಹೆಚ್ಚು, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಪಟ್ಟೆಗಳ ನಡುವಿನ ಸಂದಿಯಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ದಿಂಡುಗಳಿರುತ್ತವೆ. ಮೇಲ್ಮೈ ಅವುಗಳ ಸಮಕ್ಕೆ ಬಂದರೆ ಟೈರ್ ಮುಗಿಯಿತು. ಪಕ್ಕೆಯಲ್ಲಿ ಉಬ್ಬು ಕಂಡರೆ ಆ ದಿನವೇ ಬಿಚ್ಚಿಸಿ, ಒಳಗೆ ನೂಲು ಹರಿದಿದೆ ಎಂದರ್ಥ. ಪಕ್ಕೆಯ ತೂತಿಗೆ ಪಂಕ್ಚರ್ ಹಾಕುತ್ತೇನೆ ಎನ್ನುವವರ ಅಂಗಡಿಯಿಂದ ಹೊರಡಿ. ಅಷ್ಟಾಗಿಯೂ ವೇಗದಲ್ಲಿರುವಾಗ ಟೈರ್ ಸಿಡಿದರೆ ಬ್ರೇಕ್ ತುಳಿಯಬೇಡಿ. ಸ್ಟೀರಿಂಗ್ ಎರಡೂ ಕೈಯಲ್ಲಿ ಬಿಗಿಹಿಡಿದು ನೇರವಾಗಿ ಇರಿಸಿ, ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲಗೆ ಎತ್ತಿ, ವೇಗ ತಾನಾಗಿ ಇಳಿದ ಮೇಲೆ ಎಡಕ್ಕೆ ಸರಿಯಿರಿ.

ಆಮೇಲೆ ಬೇಕಾಗುವುದೇ ಸ್ಟೆಪ್ನಿ. ಅದರಲ್ಲಿ ಗಾಳಿ ಇರುವುದೇ ಅಪರೂಪ, ಯಾಕೆಂದರೆ ಅದನ್ನು ಯಾರೂ ನೋಡುವುದಿಲ್ಲ. ನಿಗದಿಗಿಂತ ಎರಡು ಮೂರು ಪಾಯಿಂಟ್ ಹೆಚ್ಚೇ ತುಂಬಿಸಿಡಿ, ಬಳಸುವ ಹೊತ್ತಿಗೆ ಸೋರಿ ಸರಿಹೋಗಿರುತ್ತದೆ. ಅದರ ನಾಲ್ಕು ಅಂಕಿಯನ್ನೂ ಓದಿ. ಈ ಕೆಲಸ ಹೊರಡುವ ಹಿಂದಿನ ಸಂಜೆಯೇ ಆಗಲಿ. ಡಿಕ್ಕಿಗೆ ಸೂಟ್‌ಕೇಸು, ಹಲಸಿನಹಣ್ಣು, ನೀರಿನ ಕ್ಯಾನು ಎಲ್ಲ ಸೇರಿದ ಮೇಲೆ ಅಡಿಯಲ್ಲಿರುವ ಚಕ್ರವನ್ನು ತೆಗೆದು ನೋಡುವವರಿಲ್ಲ.