ಓದಲು ಬಾರದವರ ಫೋನು, ಓದಿದವರ ಅಮಾನತ್ತು

ಮನೆಯಿಂದ ಹೊರಡುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತು ಕಿಸೆ ಮುಟ್ಟಿ ನೋಡುತ್ತೇವೆ. ಬೀಗದ ಕೈ ಉಂಟಾ, ದುಡ್ಡು ಉಂಟಾ, ಮೊಬೈಲ್ ಉಂಟಾ? ನಾವು ಮಾತ್ರ ಅಲ್ಲ, ಲೋಕದಲ್ಲಿ ಬಹಳಷ್ಟು ಜನ ಹೀಗೆಯೇ ಮಾಡುತ್ತಾರೆ. ಈ ಚಿಕ್ಕ ಅಭ್ಯಾಸವನ್ನು ದೇಶದಿಂದ ದೇಶಕ್ಕೆ ಹೋಗಿ ಗಮನಿಸಿದವರು ಜಾನ್ ಚಿಪ್‌ಚೇಸ್. ಜನ ಎಲ್ಲೇ ಇರಲಿ, ಹೊರಡುವಾಗ ಬಿಡದೆ ಒಯ್ಯುವುದು ಕೀಲಿ, ಹಣ ಮತ್ತು ಮೊಬೈಲ್ ಈ ಮೂರನ್ನೇ ಎಂದು ಅವರು ಕಂಡುಕೊಂಡರು.

ಚಿಪ್‌ಚೇಸ್ ಹಲವು ವರ್ಷ ನೋಕಿಯಾ ಕಂಪೆನಿಯಲ್ಲಿದ್ದರು. ಆಫೀಸಿನಲ್ಲಿ ಕುಳಿತು ಫೋನಿನ ಚಿತ್ರ ಬರೆಯುವುದು ಅವರ ಕೆಲಸ ಆಗಿರಲಿಲ್ಲ. ಜಪಾನ್, ಚೀನಾ, ಭಾರತ, ಉಗಾಂಡ ಎಂದು ಊರೂರು ತಿರುಗಿ, ಸಾಮಾನ್ಯ ಜನರ ಮನೆ, ಅಂಗಡಿ, ಬೀದಿಗಳಲ್ಲಿ ಅವರ ಬದುಕನ್ನು ನೋಡುವುದೇ ಅವರ ಕೆಲಸ. ಮೊಬೈಲನ್ನು ಎಲ್ಲಿ ಇಡುತ್ತಾರೆ, ಯಾರ ಜೊತೆ ಹಂಚಿಕೊಳ್ಳುತ್ತಾರೆ, ಕೆಟ್ಟರೆ ಬೀದಿ ಬದಿಯ ರಿಪೇರಿಯವ ಹೇಗೆ ಸರಿ ಮಾಡುತ್ತಾನೆ ಎಂಬುದನ್ನೆಲ್ಲ ನೋಡಿ ಬಂದು ಕಂಪೆನಿಗೆ ಹೇಳುತ್ತಿದ್ದರು. ಬಡವರ ಊರುಗಳಲ್ಲಿ ಒಂದೇ ಫೋನನ್ನು ನಾಲ್ಕಾರು ಜನ ಬಳಸುತ್ತಾರೆ ಎಂಬುದು ಅರ್ಥವಾದ ಮೇಲೆ, 2007ರಲ್ಲಿ ಬಂದ ನೋಕಿಯಾ 1200 ಎಂಬ ಕಡಿಮೆ ಬೆಲೆಯ ಫೋನಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ನಂಬರ್ ಪಟ್ಟಿ ಇಟ್ಟುಕೊಳ್ಳುವ ಸೌಲಭ್ಯ ಕೊಟ್ಟರು.

ಅವರ ಮುಂದೆ ಇದ್ದ ದೊಡ್ಡ ಪ್ರಶ್ನೆ ಬೇರೆಯೇ. ಲೋಕದಲ್ಲಿ ಆಗ ಓದು ಬರಹ ಬಾರದವರು ಸುಮಾರು 80 ಕೋಟಿ. ಅವರು ಫೋನ್ ಬಳಸುವುದು ಹೇಗೆ? ಹೆಸರು ಓದಲಾಗದವರು ನಂಬರ್ ಹುಡುಕುವುದು ಹೇಗೆ? ಅಕ್ಷರ ತೆಗೆದು ಚಿತ್ರ ಹಾಕಿದರೆ ಸಾಕು ಎಂದು ನಮಗೆ ಅನಿಸಬಹುದು. ಆದರೆ ಹೋಗಿ ನೋಡಿದಾಗ ಕಂಡದ್ದು ಇನ್ನೊಂದು. ಓದಲು ಬಾರದವರು ಪಕ್ಕದಲ್ಲಿರುವ ಓದು ಬಲ್ಲವರಿಗೆ ಫೋನ್ ಕೊಟ್ಟು, "ಇದೊಂದು ಹಚ್ಚಿ ಕೊಡು ಮಗಾ" ಎನ್ನುತ್ತಾರೆ. ತಮಗೆ ಆಗದ ಕೆಲಸವನ್ನು ನಂಬಿದವರ ಕೈಗೆ ವಹಿಸುವುದೇ ಅವರ ದಾರಿ.

ಉಗಾಂಡದಲ್ಲಿ ಅವರು ಕಂಡ 'ಸೆಂತೆ' ಪದ್ಧತಿ ಇದಕ್ಕೆ ಒಳ್ಳೆಯ ಉದಾಹರಣೆ. ಹಳ್ಳಿಯ ಒಬ್ಬಾತ ಕಂಪಾಲ ಪೇಟೆಯಲ್ಲಿ ಕೂಲಿ ಮಾಡುತ್ತಾನೆ. ಮನೆಗೆ ಹಣ ಕಳಿಸಬೇಕು, ಆದರೆ ಊರಲ್ಲಿ ಬ್ಯಾಂಕಿಲ್ಲ. ಅವನು ಪೇಟೆಯಲ್ಲಿ ಒಂದು ರೀಚಾರ್ಜ್ ಕಾರ್ಡ್ ಕೊಳ್ಳುತ್ತಾನೆ. ಅದನ್ನು ತನ್ನ ಫೋನಿಗೆ ಹಾಕಿಕೊಳ್ಳುವುದಿಲ್ಲ. ಊರಿನಲ್ಲಿ ಫೋನ್ ಅಂಗಡಿ ಇಟ್ಟವರಿಗೆ ಕರೆ ಮಾಡಿ ಕಾರ್ಡಿನ ನಂಬರ್ ಓದಿ ಹೇಳುತ್ತಾನೆ. ಅಂಗಡಿಯವರು ಅದನ್ನು ತಮ್ಮ ಫೋನಿಗೆ ತುಂಬಿಸಿಕೊಂಡು, ನೂರಕ್ಕೆ ಹತ್ತೋ ಇಪ್ಪತ್ತೋ ತಮ್ಮ ಪಾಲು ಹಿಡಿದು, ಉಳಿದ ಹಣವನ್ನು ಅವನ ಮನೆಯವರಿಗೆ ನಗದಾಗಿ ಕೊಡುತ್ತಾರೆ. ಇದನ್ನು ಯಾವ ಕಂಪೆನಿಯೂ ಕಲಿಸಿದ್ದಲ್ಲ, ಜನರೇ ಕಟ್ಟಿಕೊಂಡದ್ದು. ರಶೀದಿ ಇಲ್ಲ, ಸಾಕ್ಷಿ ಇಲ್ಲ, ಇರುವುದು ನಂಬಿಕೆ ಮಾತ್ರ.

2007ರ ಮಾರ್ಚ್‌ನಲ್ಲಿ ನೆರೆಯ ಕೀನ್ಯಾದಲ್ಲಿ ಸಫಾರಿಕಾಮ್ ಕಂಪೆನಿ 'ಎಂ-ಪೆಸ' ಶುರು ಮಾಡಿ, ಮೊಬೈಲಿನಿಂದ ಹಣ ಕಳಿಸುವುದನ್ನೇ ವ್ಯವಸ್ಥೆಯಾಗಿ ತಂದಿತು. 'ಪೆಸ' ಎಂದರೆ ಸ್ವಾಹಿಲಿ ಭಾಷೆಯಲ್ಲಿ ಹಣ. ನಮ್ಮ 'ಪೈಸೆ'ಯೇ ಸಮುದ್ರ ದಾಟಿ ಅಲ್ಲಿಗೆ ಹೋದದ್ದು!

ಈ ಸಂಗತಿ ನಮಗೇನೂ ಹೊಸತಲ್ಲ. ಗಲ್ಫಿನಿಂದ ಕಾಗದ ಬರುತ್ತಿದ್ದ ಕಾಲದಲ್ಲಿ ಅದನ್ನು ಓದಿ ಹೇಳಲು, ಉತ್ತರ ಬರೆದು ಕೊಡಲು ನಮ್ಮ ಉಮ್ಮಂದಿರು ನೆರೆಮನೆಯ ಶಾಲೆ ಹುಡುಗನನ್ನೋ ಮದ್ರಸದ ಉಸ್ತಾದರನ್ನೋ ಹುಡುಕುತ್ತಿದ್ದರು. ಆ ಕಾಗದದಲ್ಲಿ ಮನೆಯ ಗುಟ್ಟು ಇರುತ್ತಿತ್ತು, ಸಾಲದ ಲೆಕ್ಕ ಇರುತ್ತಿತ್ತು. ಓದಿದವರು ಅದನ್ನು ಹೊರಗೆ ಬಾಯಿ ಬಿಡಬಾರದು ಎಂಬುದು ಎಲ್ಲರಿಗೂ ಗೊತ್ತಿದ್ದ ಮರ್ಯಾದೆ.

ಇನ್ನೊಂದು ಮಾತು. ನಮ್ಮ ಹಿರಿಯ ಹೆಂಗಸರನ್ನು 'ಅಕ್ಷರ ಬಾರದವರು' ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ದಿನಾ ಸುಬಹಿ ಆದ ಮೇಲೆ ಮುಸ್‌ಹಫ್ ಬಿಡಿಸಿ ಯಾಸೀನ್ ಓದುವವರು ಅಕ್ಷರ ಬಾರದವರು ಹೇಗಾಗುತ್ತಾರೆ? ಅವರಿಗೆ ಅರಬಿ ಅಕ್ಷರ ಬರುತ್ತದೆ. ಬ್ಯಾಂಕಿನ ಮೆಸೇಜು ಬರುವುದು ಇಂಗ್ಲಿಷಿನಲ್ಲಿ, ಅಷ್ಟೇ.

ಈಗ ಆ ಮೆಸೇಜಿನ ತೂಕ ಹೆಚ್ಚಿದೆ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬರುತ್ತದೆ. ವಿಧವಾ ವೇತನ, ವೃದ್ಧಾಪ್ಯ ವೇತನವೂ ಖಾತೆಗೇ. ಹಣ ಉಮ್ಮನದ್ದು, ಮೆಸೇಜ್ ಓದುವುದು ಮೊಮ್ಮಗ. ಪಿನ್ ಗೊತ್ತಿರುವುದು ಅಳಿಯನಿಗೆ, ಒಟಿಪಿ ಹೇಳುವುದು ಪಕ್ಕದ ಮನೆಯ ಹುಡುಗಿ. "ಈ ತಿಂಗಳು ಬಂತಾ ಮೋನೇ?" ಎಂದು ಕೇಳಿದರೆ, ಆಟದಲ್ಲಿ ಮುಳುಗಿದ ಹುಡುಗ ತಲೆ ಎತ್ತದೆ "ಇಲ್ಲ" ಎನ್ನುತ್ತಾನೆ. ಬಂದಿದೆಯೋ ಇಲ್ಲವೋ ಆ ಉಮ್ಮನಿಗೆ ತಿಳಿಯಲು ಬೇರೆ ದಾರಿ ಇಲ್ಲ. ಅವನು ಸೋಮಾರಿತನದಿಂದ ಹೇಳಿದ್ದೋ, ನಡುವೆ ಐನೂರು ತೆಗೆದು ಹೇಳಿದ್ದೋ, ಅದೂ ತಿಳಿಯುವುದಿಲ್ಲ.

ದೀನಿನಲ್ಲಿ ಇದಕ್ಕೆ ಸ್ಪಷ್ಟ ಹೆಸರಿದೆ: ಅಮಾನತ್ತು. ಪವಿತ್ರ ಕುರ್‌ಆನಿನ ಅತಿ ಉದ್ದದ ಆಯತ್ತು ಸೂರಃ ಅಲ್ ಬಖರದ 282ನೆಯದು. ಅದರ ವಿಷಯ ಸಾಲದ ಲೆಕ್ಕ ಬರೆದಿಡುವುದು. ಬರೆಯುವವನು ನ್ಯಾಯವಾಗಿ ಬರೆಯಬೇಕು. ಸ್ವತಃ ಹೇಳಿ ಬರೆಸಲು ಆಗದವನ ಪರವಾಗಿ ಅವನ ಹೊಣೆ ಹೊತ್ತವನು ನ್ಯಾಯವಾಗಿ ಹೇಳಿ ಬರೆಸಬೇಕು ಎಂದು ಅಲ್ಲಿ ಅಲ್ಲಾಹನ ಆಜ್ಞೆಯಿದೆ. ಅಂದರೆ ಓದು ಬಲ್ಲವನ ಮೇಲೆ ಓದು ಬಾರದವನ ಹಕ್ಕು ಇದೆ. ಮೆಸೇಜ್ ಓದಿ ಹೇಳುವುದು ನಾವು ಮಾಡುವ ಉಪಕಾರವಲ್ಲ, ನಮ್ಮ ಹೊಣೆ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಮೆಸೇಜ್ ಬಂದರೆ ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಮೂರನ್ನೂ ಉಮ್ಮನಿಗೆ ಬ್ಯಾರಿ ಭಾಷೆಯಲ್ಲಿ ಬಾಯಿಬಿಟ್ಟು ಹೇಳಿ. ಫೋನಿನಲ್ಲಿ ಹೆಸರಿನ ಜೊತೆ ಮಕ್ಕಳ ಫೋಟೋ ಹಾಕಿ ಕೊಡಿ, ಮುಖ ನೋಡಿ ಅವರೇ ಕರೆ ಮಾಡಲಿ. ಪಿನ್ ಅವರಿಗೇ ಕಲಿಸಿ. ಅಂಕೆ ಕಲಿಯಲು ಒಂದು ವಾರ ಸಾಕು. ಬೆರಳು ಒತ್ತಿ ಹಣ ತೆಗೆಯುವಲ್ಲಿ ಚೀಟಿ ಕೇಳಿ ಪಡೆಯಿರಿ. ಅಂಗಡಿಯವನು ತನ್ನ ಕೂಲಿ ಎಷ್ಟೆಂದು ಮೊದಲೇ ಹೇಳಲಿ. ಹೇಳಿ ಒಪ್ಪಿಸಿ ಪಡೆದದ್ದು ಕೂಲಿ, ಹೇಳದೆ ಹಿಡಿದದ್ದು ಕಳವು. ಗಲ್ಫಿನಲ್ಲಿರುವ ಮಕ್ಕಳೂ ತಿಂಗಳಿಗೊಮ್ಮೆ ಉಮ್ಮನ ಜೊತೆಯೇ ಲೆಕ್ಕ ಮಾತಾಡಲಿ, ನಡುವಿನವರ ಜೊತೆ ಮಾತ್ರ ಬೇಡ.

ಪರದೇಶದ ಸಂಶೋಧಕರೊಬ್ಬರು ಸಾವಿರಾರು ಮೈಲಿ ತಿರುಗಿ ಬಡವರ ಕೈಯಲ್ಲಿರುವ ಫೋನನ್ನು ಗೌರವದಿಂದ ನೋಡಿದರು. ನಮ್ಮ ಉಮ್ಮನ ಕೈಯಲ್ಲಿರುವ ಫೋನನ್ನು ನೋಡಲು ನಾವು ಅಡುಗೆಮನೆಯವರೆಗೆ ಹೋದರೆ ಸಾಕು. ಇವತ್ತು ಮಗ್ರಿಬ್ ಆದ ಮೇಲೆ ಅವರ ಪಕ್ಕ ಐದು ನಿಮಿಷ ಕುಳಿತು, ಓದದೆ ಉಳಿದ ಮೆಸೇಜುಗಳನ್ನು ಒಂದೊಂದಾಗಿ ಓದಿ ಹೇಳಿ.