ಲೂಪ್ ಪೆಡಲಿನ ಮರೆವು

ಗಿಟಾರ್ ವಾದಕರ ಪಾದದ ಬಳಿ ಇರುವ ಲೂಪ್ ಪೆಡಲೆಂಬ ಪುಟ್ಟ ಪೆಟ್ಟಿಗೆಯು, ಒಮ್ಮೆ ಮೆಟ್ಟಿದೊಡನೆ ನುಡಿಸಿದುದನ್ನೆಲ್ಲ ತನ್ನ ಸ್ಮೃತಿಯಲ್ಲಿ ಗ್ರಹಿಸತೊಡಗಿ, ಮತ್ತೊಮ್ಮೆ ಮೆಟ್ಟಿದಾಗ ಆ ಖಂಡವನ್ನೇ ಎಡೆಬಿಡದೆ ಆವರ್ತಿಸುತ್ತ, ವಾದಕನು ಬಯಸಿದಲ್ಲಿ ಹೊಸ ಸ್ವರಗಳನ್ನೂ ಅದರೊಳಕ್ಕೇ ಕೂಡಿಸಿಕೊಳ್ಳುತ್ತ ಹೋಗುವುದು. ಈ ಕೂಡಿಕೆಗೆ ಓವರ್‌ಡಬ್ ಎಂದು ಹೆಸರು. ನಾಲ್ಕೈದು ಪದರಗಳವರೆಗೆ ರಮ್ಯವಾಗಿರುವ ಈ ವೈಭವವು ಹತ್ತನೆಯ ಪದರ ಬೀಳುವಷ್ಟರಲ್ಲಿ ಸಂತೆಯ ಗದ್ದಲವಾಗಿಬಿಡುವುದುಂಟು. ಏನನ್ನೂ ಮರೆಯದ ಯಂತ್ರವು ಸಂಗೀತಗಾರನಿಗೆ ಅಷ್ಟೇನೂ ಒಳ್ಳೆಯ ಜೊತೆಗಾರನಲ್ಲ.

ಇದರ ಪೂರ್ವಜರಿಗಾದರೋ ಮರೆವು ಹುಟ್ಟುಗುಣವೇ ಆಗಿದ್ದಿತು. 1963ರಲ್ಲಿ ಪ್ಯಾರಿಸ್ಸಿನಲ್ಲಿ ಅಮೆರಿಕದ ಸಂಗೀತಗಾರ ಟೆರಿ ರೈಲಿಯೂ, 1972ರಲ್ಲಿ ಲಂಡನ್ನಿನಲ್ಲಿ ಸಂಗೀತಗಾರರಾದ ಬ್ರಯಾನ್ ಈನೋ ಮತ್ತು ರಾಬರ್ಟ್ ಫ್ರಿಪ್ಪರೂ ಎರಡು ಟೇಪ್ ರೆಕಾರ್ಡರುಗಳ ನಡುವೆ ಒಂದೇ ಟೇಪನ್ನು ಹಾಯಿಸಿ, ಮೊದಲನೆಯದರಲ್ಲಿ ಮುದ್ರಿತವಾದ ಧ್ವನಿಯು ಕೆಲವು ಕ್ಷಣಗಳ ತರುವಾಯ ಎರಡನೆಯದರಿಂದ ಹೊರಟು ಮೊದಲನೆಯದಕ್ಕೇ ಮರಳುವಂತೆ ಮಾಡಿದರು. ಸುತ್ತು ಸುತ್ತಿಗೂ ಧ್ವನಿ ಕುಗ್ಗುತ್ತಿತ್ತು, ತಾರಸ್ವರಗಳ ಕಾಂತಿ ಮಾಸುತ್ತಿತ್ತು, ಟೇಪಿನ ಸದ್ದು ಮೇಲೇಳುತ್ತಿತ್ತು. ಡಿಜಿಟಲ್ ಸ್ಮೃತಿಗೆ ಈ ಜರೆಯಿಲ್ಲ. ನೂರನೆಯ ಆವೃತ್ತಿಯೂ ಮೊದಲನೆಯದರ ತದ್ರೂಪವೇ. ಆದುದರಿಂದ ಕಳೆದುಹೋದ ಮರೆವನ್ನು ಒಂದು ತಿರುಗುಗುಂಡಿಯ ರೂಪದಲ್ಲಿ ಯಂತ್ರಕ್ಕೆ ಮರಳಿ ಕೊಡಬೇಕಾಯಿತು. 1990ರ ದಶಕದ ಎಕೋಪ್ಲೆಕ್ಸ್ ಡಿಜಿಟಲ್ ಪ್ರೊ ಯಂತ್ರದಲ್ಲಿ ಅದು ಫೀಡ್‌ಬ್ಯಾಕ್. ಬೇರೆ ಕೆಲವು ಪೆಡಲುಗಳಲ್ಲಿ ಡಿಕೇ.

ಫೇಡ್ ಬೇರೆ, ಡಿಕೇ ಬೇರೆ. ಫೇಡ್ ಎಂಬುದು ಹಳತು ಹೊಸತೆಂಬ ಭೇದವೆಣಿಸದೆ ಇಡೀ ಲೂಪಿನ ಧ್ವನಿಯನ್ನು ಕೆಲವು ಕ್ಷಣಗಳಲ್ಲಿ ನಿಶ್ಶಬ್ದಕ್ಕಿಳಿಸುವುದು. ಸಂಗ್ರಹವಾದುದು ಸಾಮಾನ್ಯವಾಗಿ ಅಕ್ಷತವಾಗಿಯೇ ಉಳಿಯುವುದು. ಡಿಕೇ ಸ್ಮೃತಿಗೇ ಕೈ ಹಾಕುವುದು. ಪ್ರತಿ ಸುತ್ತಿನಲ್ಲಿ ಶೇಕಡಾ 90ರಷ್ಟು ಮಾತ್ರ ಉಳಿಯಲೆಂದು ನಿಯಮಿಸಿದರೆ, ಏಳು ಸುತ್ತುಗಳಲ್ಲಿ ಒಂದು ಪದರದ ಬಲವು ಅರ್ಧಕ್ಕಿಂತ ಕೆಳಗಿಳಿಯುವುದು. ಎಂಟು ಸೆಕೆಂಡಿನ ಲೂಪಿನಲ್ಲಿ ಅದು ಸಾವಿರದಲ್ಲೊಂದು ಪಾಲಾಗಲು 66 ಸುತ್ತು, ಎಂದರೆ ಒಂಬತ್ತು ನಿಮಿಷಕ್ಕೆ ತುಸು ಕಡಿಮೆ, ಹಿಡಿಯುವುದು. ಶೇಕಡಾ 50ಕ್ಕಿಳಿಸಿದರೆ ಅದೇ ಕಾರ್ಯಕ್ಕೆ ಹತ್ತೇ ಸುತ್ತು, 80 ಸೆಕೆಂಡು. ಇದರಲ್ಲಿ ಗಣಿತದ ಒಂದು ಸೊಗಸೂ ಅಡಗಿದೆ: ಪ್ರತಿ ಸುತ್ತಿಗೂ ಸಮಬಲದ ಹೊಸ ಪದರವೊಂದನ್ನು ದಿನವಿಡೀ ಸೇರಿಸುತ್ತಲೇ ಇದ್ದರೂ, ಗುಣೋತ್ತರ ಶ್ರೇಢಿಯ ನಿಯಮದಂತೆ, ಶೇಕಡಾ 90ರಲ್ಲಿ ಒಟ್ಟು ಮೊತ್ತವು ಒಂದು ಪದರದ ಹತ್ತರಷ್ಟನ್ನು ಎಂದೂ ಮೀರದು.

ಬಲ್ಲವರು ಈ ಗುಂಡಿಯನ್ನು ಒಂದೇ ಕಡೆ ನಿಲ್ಲಿಸಿ ಸುಮ್ಮನಾಗುವುದಿಲ್ಲ. ಸ್ವರಗಳು ನಿಧಾನವಾಗಿ ಹಬ್ಬುತ್ತಿರುವಾಗ 95ರ ಸುಮಾರಿಗಿಟ್ಟು, ಶ್ರುತಿಯನ್ನೋ ಸ್ವರಶ್ರೇಣಿಯನ್ನೋ ಬದಲಿಸಬೇಕೆನಿಸಿದಾಗ 60ಕ್ಕಿಳಿಸಿ, ಹಳೆಯದು ಕರಗುತ್ತಿರುವಂತೆಯೇ ಹೊಸದನ್ನು ನೆಲೆಗೊಳಿಸಿ, ಮತ್ತೆ ಮೇಲಕ್ಕೇರಿಸುವರು. ಲೂಪನ್ನು ನಿಲ್ಲಿಸದೆಯೇ ಅದರ ವಸ್ತುವನ್ನು ಬದಲಿಸುವ ಈ ಸೌಕರ್ಯವು ಫೇಡಿನಿಂದ ದೊರೆಯದು. ಕೃತಿಯನ್ನು ಮುಗಿಸಲು ಫೇಡ್ ಸಾಕು, ಬೆಳೆಸಲು ಡಿಕೇ ಬೇಕೆಂಬುದು ನನ್ನ ಅಭಿಪ್ರಾಯ. ತಾಳವನ್ನು ಹಿಡಿಯುವ ಲೂಪನ್ನು ಮಾತ್ರ, ಪೆಡಲಿನಲ್ಲಿ ಎರಡು ಟ್ರ್ಯಾಕ್‌ಗಳಿದ್ದರೆ, ಡಿಕೇ ಸೋಕದಂತೆ ಬೇರೆಯಾಗಿಡುವುದು ಲೇಸು.

ಕೆಲವು ಪೆಡಲುಗಳಲ್ಲಿ ಡಿಕೇ ಓವರ್‌ಡಬ್ ತೆರೆದಿರುವಾಗ ಮಾತ್ರ ನಡೆಯುವುದು, ಕೆಲವುಗಳಲ್ಲಿ ಸದಾ ನಡೆಯುತ್ತಿರುವುದು; ಹಾಗೆ ಕ್ಷಯಿಸಿದ ಪದರವು ಗುಂಡಿಯನ್ನು ಮತ್ತೆ ತಿರುಗಿಸಿದ ಮಾತ್ರಕ್ಕೆ ಮರಳಿ ಬಾರದು. ಆದಕಾರಣ ವೇದಿಕೆಯನ್ನೇರುವ ಮುನ್ನ ಓವರ್‌ಡಬ್ ಮುಚ್ಚಿ ಐದಾರು ಸುತ್ತು ಸುಮ್ಮನೆ ಕೇಳಿ, ನಿಮ್ಮ ಪೆಡಲು ಯಾವ ಬಗೆಯದೆಂಬುದನ್ನು ನಿಶ್ಚಯಿಸಿಕೊಳ್ಳಿರಿ.